ಪುರಾತನ

ಏಳನೇ ಇಯತ್ತೆಯಲ್ಲಿ ನನಗೊಂದು ನೌಕರಿ ಇತ್ತು. ಕೊಡೇಕಲ್ಲಿನಿಂದ ನಾರಾಯಣಪುರದ ಕಡೆ ಹೋಗುವ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದು ಲೇತು, ಲೇತಿನ ಮುಂದೆ ಚಾಚಾ. ಊರಿಗೆಲ್ಲ ಅವರು ಉಸ್ತಾದ, ನಮ್ಮ ಮನೆಯ ಮಕ್ಕಳಿಗೆ ಚಾಚಾ. ಲೇತಿನ ಪುಸ್ತಕ ಇಂಗ್ಲಿಷಿನಲ್ಲಿತ್ತು, ಚಾಚಾಗೆ ಇಂಗ್ಲಿಷು ಬರುತ್ತಿರಲಿಲ್ಲ. ಸಾಲಿ ಬಿಟ್ಟ ಮೇಲೆ ಹೋಗಿ ಅದನ್ನು ಓದಿ ಹೇಳುವುದು ನನ್ನ ಕೆಲಸ. ಪುಟಕ್ಕೊಂದು ಮಿರ್ಚಿ ಭಜಿ. ಪುಟದ ತುಂಬ ಚಿತ್ರವೇ ಇದ್ದು ಅಕ್ಷರ ನಾಲ್ಕೇ ಇದ್ದರೂ ಭಜಿಯಲ್ಲಿ ಮೋಸವಿರಲಿಲ್ಲ.

ನನ್ನ ಇಂಗ್ಲಿಷು ಐದನೇ ಇಯತ್ತೆಯಲ್ಲಿ ಶುರುವಾದದ್ದು. ಅಕ್ಷರ ಕೂಡಿಸಿ ಓದುತ್ತಿದ್ದೆ, ಒಂದು ಶಬ್ದದ ಅರ್ಥವೂ ಗೊತ್ತಿರಲಿಲ್ಲ. ಅರ್ಥ ಗೊತ್ತಿದ್ದವರಿಗೆ ಅಕ್ಷರ ಬರುತ್ತಿರಲಿಲ್ಲ. ‘ಲುಬ್ರಿಕಾಟೆ’ ಎಂದು ನಾನು ತಡವರಿಸಿದರೆ ಚಾಚಾ ಪಕ್ಕದ ಚಿತ್ರದಲ್ಲಿನ ಬಾಣದ ಗುರುತು ನೋಡಿ, “ಎಣ್ಣಿ ಬಿಡೂದು. ಮುಂದ ಓದು” ಅನ್ನುತ್ತಿದ್ದರು. ಹೀಗೆ ಇಬ್ಬರೂ ಸೇರಿ ಒಬ್ಬ ಓದುಗ ಆಗಿದ್ದೆವು. ನಡುನಡುವೆ ಅವರು ಮಶೀನಿನ ಹತ್ತಿರ ಹೋಗಿ ಯಾವುದೋ ಹಿಡಿಕೆ ಮುಟ್ಟಿ ನೋಡಿ ಬಂದು ಹೇಳುತ್ತಿದ್ದರು: “ಪೆನ್ಸಿಲ್ ತಗಿ. ಇಲ್ಲಿ ಹಂಗ ಇಲ್ಲ. ನಮ್ದರಾಗ ಇದು ಎಡಕ್ಕದ. ಬರಿ.” ನಾನು ಅಚ್ಚಾದ ಸಾಲಿನ ಪಕ್ಕ ‘ಎಡಕ್ಕೆ’ ಎಂದು ಕನ್ನಡದಲ್ಲಿ ಬರೆಯುತ್ತಿದ್ದೆ. ಅಚ್ಚಿನ ಅಕ್ಷರಕ್ಕೆ ತಿದ್ದುಪಡಿ ಹಾಕುವ ಅಧಿಕಾರ ನನಗೆ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಪುಸ್ತಕಕ್ಕೆ ರಟ್ಟು ಇರಲಿಲ್ಲ, ಮೊದಲ ಕೆಲವು ಹಾಳೆಯೂ ಇರಲಿಲ್ಲ. ಮೇಣಗಪ್ಪಡದಲ್ಲಿ ಸುತ್ತಿ, ಲೋಬಾನದ ಡಬ್ಬಿಯ ಪಕ್ಕ ಗೂಡಿನಲ್ಲಿ ಇಡುತ್ತಿದ್ದರು. ಹಾಳೆಯ ಮೂಲೆಗಳು ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು, ಹಿಂದಿನ ಪುಟದ ಚಿತ್ರ ಮುಂದಿನ ಪುಟಕ್ಕೆ ಕಾಣುತ್ತಿತ್ತು. ಕೊನೆಗೆ ಒಂದು ದೊಡ್ಡ ಕೋಷ್ಟಕ. ಯಾವ ಚೂಡಿಗೆ, ಅಂದರೆ ಸ್ಕ್ರೂವಿನ ಸುತ್ತುಗೆರೆಗೆ, ಯಾವ ಗೇರು ಹಾಕಬೇಕು ಎಂಬ ಲೆಕ್ಕ. ಅದರಲ್ಲಿ 127 ಎಂಬ ಅಂಕಿ ಇದ್ದ ಸಾಲುಗಳಿಗೆಲ್ಲ ಚಾಚಾ ನನ್ನ ಕೈಯಿಂದ ಅಡ್ಡಗೆರೆ ಹೊಡೆಸಿದ್ದರು. ಪಕ್ಕದಲ್ಲಿ ಬೇರೆ ಅಂಕಿ ಬರೆಸಿ, ಜೊತೆಗೆ ‘ಪು.’ ಎಂದು ಹಾಕಿಸಿದ್ದರು. ಪು ಅಂದರೆ ಪುರಾತನ. ಗೇರಿನ ಡಬ್ಬಿಯೊಳಗಿನ ಒಂದು ಗೇರಿಗೆ ಆ ಹೆಸರು. “ಪುರಾತನ ಹಾಕು” ಅಂದರೆ ಹುಡುಗರು ಅದನ್ನೇ ತೆಗೆದುಕೊಡುತ್ತಿದ್ದರು. ಹಳೆಯದು, ಅದಕ್ಕೇ ಪುರಾತನ ಅಂತಾರೆ ಎಂದುಕೊಂಡಿದ್ದೆ. ಆ ಡಬ್ಬಿಯೊಳಗೆ ಹೊಸದು ಯಾವುದಿತ್ತು ಎಂದು ಕೇಳಿಕೊಳ್ಳುವ ಬುದ್ಧಿ ಆಗ ಬಂದಿರಲಿಲ್ಲ. ಕೋಷ್ಟಕದ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಬರೆಸಿದ್ದರು: ‘ಪುರಾತನ ಹಾಕಿದರೆ ಹಿಡಿದದ್ದು ಬಿಡಬಾರದು.’ ಯಾಕೆ ಎಂದು ಕೇಳಿದ್ದಕ್ಕೆ, “ಬಿಟ್ಟರ ಮತ್ತ ಸಿಗಾಂಗಿಲ್ಲಪ” ಎಂದಿದ್ದರು. ಮನುಷ್ಯರ ಬಗ್ಗೆ ಏನೋ ಹೇಳುತ್ತಿದ್ದಾರೆ ಎಂದು ತಿಳಿದು ಸುಮ್ಮನಾಗಿದ್ದೆ.

ಲೇತು ಬಂದದ್ದು ಕೃಷ್ಣೆಯ ದಯೆಯಿಂದ. ನಾರಾಯಣಪುರದ ಬಸವಸಾಗರ ಅಣೆಕಟ್ಟೆ 1982ರಲ್ಲಿ ಮುಗಿಯಿತು, ಹತ್ತು ಕಿಲೋಮೀಟರಿಗೂ ಉದ್ದದ ಕಟ್ಟೆ, ಮೂವತ್ತು ಗೇಟು. ಅಂಥ ಕೆಲಸ ನಡೆದಲ್ಲಿ ಲಾರಿ, ಕ್ರೇನು, ಪಂಪು ಕೆಡುತ್ತಲೇ ಇರುತ್ತವೆ, ರಿಪೇರಿಗೆ ಲೇತು ಬೇಕು. ಕೆಲಸ ಮುಗಿಸಿ ಹೊರಟವರು ಮಾರಿಹೋದ ಸಾಮಾನಿನಲ್ಲಿ ಇದೂ ಒಂದು ಎಂದು ಚಾಚಾ ಹೇಳುತ್ತಿದ್ದರು. ಕಾಲುವೆಯಲ್ಲಿ ನೀರು ಹರಿಯಿತು, ಜೋಳ ತೊಗರಿಯ ಎರೆ ಹೊಲಗಳು ಒಂದೊಂದೇ ಭತ್ತದ ಗದ್ದೆ ಆದವು, ಹಿಂದೆಯೇ ಟ್ರ್ಯಾಕ್ಟರು ಬಂದವು. ಅಲ್ಲಿಂದ ಶೆಡ್ಡಿಗೆ ಬಿಡುವಿಲ್ಲ. ಬಂಡಿಯ ಅಚ್ಚು, ಹಿಟ್ಟಿನ ಗಿರಣಿಯ ಶಾಫ್ಟು, ಪಂಪಿನ ಗನ್‌ಮೆಟಲ್ ಬುಷ್ಷು, ಟ್ರೇಲರಿನ ಪಿನ್ನು. ಬೇಸಿಗೆಯಲ್ಲಿ ಮೋಟಾರು ಸುಟ್ಟವರು, ಮಳೆಗಾಲದಲ್ಲಿ ಕುಂಟೆ ಮುರಿದವರು. ಕರೆಂಟು ಬಂದಾಗಲೇ ಕೆಲಸವಾದ್ದರಿಂದ ಎಷ್ಟೋ ಸಲ ರಾತ್ರಿ ಎರಡಕ್ಕೆ ಲೇತಿನ ಸದ್ದು ಕೇಳುತ್ತಿತ್ತು, ಗಂವ್ ಎಂಬ ಸದ್ದಿನೊಳಗೆ ಕಬ್ಬಿಣ ಸುಲಿಯುವ ಸಣ್ಣ ಕೀರು. ಬೆಳಗ್ಗೆ ನಾವು ಹುಡುಗರು ಹೋಗಿ ನೀಲಿ ತಿರುಗಿದ ಸುರುಳಿ ಚೂರು ಆರಿಸಿ ಕೈ ಕುಯ್ದುಕೊಂಡು ಬರುತ್ತಿದ್ದೆವು.

ಚಾಚಾರ ಅಳತೆ ಸೂತದಲ್ಲಿ. ಇಂಚಿಗೆ ಎಂಟು ಸೂತ. ನಾಲ್ಕು ಸೂತದ ಬೋಲ್ಟೆಂದರೆ ಅರ್ಧ ಇಂಚು, ಅದಕ್ಕೆ ಇಂಚಿಗೆ ಹನ್ನೆರಡು ಚೂಡಿ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಅದೇ ಹೆಸರು ಕೊಡೇಕಲ್ಲಿನ ಶೆಡ್ಡಿನಲ್ಲಿ ‘ವಿಟ್ವಾರ್ತಿ’ ಆಗಿ, ಯಾವುದೋ ಬೀಗರ ಅಡ್ಡಹೆಸರಿನಂತೆ ಕೇಳುತ್ತಿತ್ತು. ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಕಬ್ಬಿಣ ಕೇಳಬೇಕಲ್ಲ. ಹಳೆಯ ಎಂಜಿನ್ನು ಇಂಚಿನದು, ಹೊಸ ಟ್ರ್ಯಾಕ್ಟರು ಮಿಲಿಮೀಟರಿನದು. ಎರಡೂ ಒಂದೇ ದಿನ ಒಂದೇ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಿದ್ದವು. ನಡುವೆ ಇಂಚಿನ ಸ್ಕ್ರೂ ಇದ್ದ ಲೇತು.

“ನಮ್ದು ಹರಿಹರದ್ದು” ಎಂದು ಚಾಚಾ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತಿಗೆ ಆಗ ತೂಕವಿತ್ತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಶುರುವಾಯಿತು, ತುಂಗಭದ್ರೆಯ ದಂಡೆಯ ಆ ಊರಿನ ಲೇತುಗಳು ದೇಶದ ತುಂಬ ಹೋದವು. ಬೆಂಗಳೂರಿನ ಎಚ್‌ಎಂಟಿ ಬಂದದ್ದು ಅದಾದ ಮೇಲೆ, 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ. ಎಚ್‌ಎಂಟಿ ಎಂದರೆ ನಮ್ಮ ಕಡೆ ಕೈಗಡಿಯಾರ. ಅದು ಮೊದಲು ಮಾಡಿದ್ದು ಲೇತು ಎಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಹರಿಹರದ ಕಾರ್ಖಾನೆ ಹೊಸ ಶತಮಾನ ಕಾಲಿಡುವ ಹೊತ್ತಿಗೆ ಬಾಗಿಲು ಹಾಕಿತು. ಅದರ ಮಶೀನುಗಳು ಇನ್ನೂ ಓಡುತ್ತಿವೆ, ಹುಬ್ಬಳ್ಳಿಯಲ್ಲಿ, ಶಿವಮೊಗ್ಗದಲ್ಲಿ, ಹೆಸರಿಲ್ಲದ ಎಷ್ಟೋ ಹಳ್ಳಿಯ ಶೆಡ್ಡುಗಳಲ್ಲಿ.

ಆ ಕಾಲದ ಯಂತ್ರದ ಪುಸ್ತಕಗಳ ಮೇಲೆ ನನಗೆ ಒಂಥರಾ ಭಕ್ತಿ. ಕೊಂಡವನು ಒಂದು ದಿನ ಇದನ್ನು ಬಿಚ್ಚಿಯೇ ಬಿಚ್ಚುತ್ತಾನೆ ಎಂದು ಒಪ್ಪಿಕೊಂಡು ಬರೆದವು ಅವು. ಅಡಿಪಾಯ ಹೇಗೆ ಹಾಕಬೇಕು, ಮಟ್ಟ ಎಲ್ಲಿಟ್ಟು ನೋಡಬೇಕು, ಬೇರಿಂಗ್ ಸಡಿಲಾದರೆ ಯಾವ ನಟ್ಟು ಎಷ್ಟು ಬಿಗಿಯಬೇಕು, ಎಲ್ಲವೂ ಇರುತ್ತಿತ್ತು. ಅಮೆರಿಕದ ಸೌತ್ ಬೆಂಡ್ ಎಂಬ ಊರಿನ ಲೇತ್ ಕಾರ್ಖಾನೆ ‘ಹೌ ಟು ರನ್ ಎ ಲೇತ್’ ಎಂಬ ಪುಸ್ತಕವನ್ನು ದಶಕಗಟ್ಟಲೆ ಅಚ್ಚು ಹಾಕುತ್ತ ಬಂತು. ಮಶೀನು ಮಾರುವವರು ವಿದ್ಯೆಯನ್ನೂ ಜೊತೆಗೆ ಕಟ್ಟಿಕೊಡುತ್ತಿದ್ದ ಕಾಲ ಅದು. ಈಗ ಮನೆಗೆ ತರುವ ಮಿಕ್ಸರಿನ ಪುಸ್ತಕದಲ್ಲಿ ಅರ್ಧ ಎಚ್ಚರಿಕೆ, ಉಳಿದರ್ಧ ‘ಬಿಚ್ಚಬೇಡಿ’. ನಮ್ಮ ಭಾಷೆಗೂ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅಡುಗೆ, ಬೆಳೆ, ನೆಲದೊಳಗಿನ ನೀರು ಗುರುತಿಸುವುದು, ದನದ ಮದ್ದು, ಸುಗಂಧ, ಹೀಗೆ ಮಾಡುವ ಕ್ರಮವನ್ನೇ ಹೇಳುವ ಪುಸ್ತಕ. ಅಷ್ಟು ಹಳೆಯ ರೂಢಿ ಇದ್ದ ಭಾಷೆಯಲ್ಲಿ ನಮ್ಮ ಚಾಚಾಗೆ ಸಿಕ್ಕ ಕನ್ನಡ ಎಂದರೆ ಹುಡುಗನೊಬ್ಬನ ಪೆನ್ಸಿಲಿನ ‘ಎಡಕ್ಕೆ’.

ಆ ಪುಸ್ತಕವನ್ನು ಕಳೆದದ್ದು ನಾನೇ. ಚಾಚಾ ತೀರಿಕೊಂಡ ಮೇಲೆ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಹೊರಡುವಾಗ ಅವರ ಸೊಸೆ ಮೇಣಗಪ್ಪಡದ ಗಂಟು ತಂದು, “ಭೈಯ್ಯಾ, ಇದು ನೀವು ಓದ್ತಿದ್ರಂತಲ್ಲ, ಒಯ್ತೀರೇನು? ಇಲ್ಲಿ ಇನ್ಯಾರು ಓದ್ತಾರ” ಎಂದರು. ಕಲಬುರಗಿಯ ಬಸ್ಸಿಗೆ ಹೊತ್ತಾಗಿತ್ತು. ಕೈಚೀಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು, ಎಣ್ಣೆ ಹತ್ತೀತು ಅನ್ನಿಸಿತು. “ಇರ್ಲಿ ಬಿಡವ್ವ, ಮುಂದಿನ ಸಲ ಬಂದಾಗ ಒಯ್ತೀನಿ” ಎಂದೆ. ಮುಂದಿನ ಸಲಕ್ಕೆ ಶೆಡ್ಡಿನ ತಗಡು ಬದಲಾಗಿತ್ತು, ಗೂಡು ಇರಲಿಲ್ಲ. ಕಾಗದವೆಲ್ಲ ರದ್ದಿಗೆ ಹೋಗಿತ್ತು. ಆ ಅಂಗಿ ಎರಡು ವರ್ಷವೂ ಬಾಳಲಿಲ್ಲ.

ಹೋದ ವರ್ಷ ಚಾಚಾರ ಮೊಮ್ಮಗ ಫೋನ್ ಮಾಡಿದ. ಅಂಗಡಿ ಈಗ ಅವನದು. “ಕಾಕಾ, ದಾದಾನ ಕಿತಾಬ ನಿಮಗ ನೆನಪದ ಏನ್ರಿ? ಮಿಲಿಮೀಟರ್ ಚೂಡಿ ಕಡೀಲಿಕ್ಕ ಬರವಲ್ದು. ಇಂಚಿನ ಲೆಕ್ಕಕ್ಕ ಕೂಡಂಗ ಕಾಣ್ತದ, ನಟ್ ಹಾಕಿದ್ರ ನಾಕ್ ಸುತ್ತಿಗೆ ಹಿಡೀತದ.” ಬೇಕಾದ ಬೋಲ್ಟು ಹುಣಸಗಿಯಲ್ಲಿ ರೆಡಿ ಸಿಗುತ್ತದೆ, ತಂದು ಹಾಕಿಬಿಡು ಎಂದೆ. “ಸಿಗ್ತದರಿ. ಆದ್ರ ಮಶೀನಿಗೆ ಬರೂದು ನನಗ ಬರಲಾರ್ದಂಗ ಆಗಬಾರ್ದಲ್ರಿ” ಎಂದ. ಆ ಮಾತಿಗೆ ಸೋತು ಹುಡುಕಲು ಹೊರಟೆ.

ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಕೇಳಿದೆ. ಎಂಜಿನಿಯರಿಂಗ್ ಗೈಡುಗಳ ರಾಶಿ ತೋರಿಸಿದರು. ಎಸ್‌.ಪಿ. ರಸ್ತೆಯ ಹಳೆ ಸಾಮಾನಿನವರು ಪುಸ್ತಕ ಯಾಕೆ, ಮಶೀನನ್ನೇ ಕೊಡಿ, ಕಿಲೋ ಲೆಕ್ಕದಲ್ಲಿ ತಗೋತೀವಿ ಎಂದರು. ಕೊನೆಗೆ ಪರಿಚಯದವರ ಪರಿಚಯದಿಂದ ಹರಿಹರದ ಒಬ್ಬ ನಿವೃತ್ತ ಟರ್ನರ್ ಸಿಕ್ಕರು. ಅವರ ಬಳಿ ಪುಸ್ತಕವಿತ್ತು. ಜೆರಾಕ್ಸ್ ಮಾಡಿಸಿ ಕೊರಿಯರ್ ಮಾಡಿದರು, ಹಣ ಬೇಡವೆಂದರು. ಲಕೋಟೆಯ ಮೇಲೆ ವಿಳಾಸ ಹಳೆಯ ರೂಢಿಯಂತೆ ಗುಲ್ಬರ್ಗಾ ಜಿಲ್ಲೆ, ಸುರಪುರ ತಾಲ್ಲೂಕು. ಈ ನಡುವೆ ಜಿಲ್ಲೆ ಯಾದಗಿರಿ ಆಗಿ, ತಾಲ್ಲೂಕು ಹುಣಸಗಿ ಆಗಿ, ಕೊಡೇಕಲ್ಲು ಮಾತ್ರ ಇದ್ದಲ್ಲೇ ಇದ್ದುದರಿಂದ ತಲುಪಿತು.

ಪುಸ್ತಕ ಬಂತೆಂದು ಊರಿಗೆ ಹೋದೆ. ಮಶೀನಿನ ಮುಂದೆ ಬಿಚ್ಚಿಟ್ಟು ನೋಡಿದರೆ ಒಂದಕ್ಕೊಂದು ತಾಳವಿಲ್ಲ. ಪುಸ್ತಕದ ಲೇತಿಗೆ ಗೇರ್‌ಬಾಕ್ಸು, ಹಿಡಿಕೆ ತಿರುಗಿಸಿದರೆ ಚೂಡಿ ಬದಲು. ನಮ್ಮದಕ್ಕೆ ಬಿಡಿ ಗೇರು, ಬಿಚ್ಚಿ ಹಾಕಬೇಕು. ಹಿಡಿಕೆಗಳೂ ಬೇರೆ ಕಡೆ. ಹೆಸರಿನ ಫಲಕ ಇರಬೇಕಾದ ಜಾಗದಲ್ಲಿ ನಾಲ್ಕು ರಿವೆಟಿನ ತೂತು. ಬೆಡ್ಡಿನ ಬಲತುದಿಯ ಹಸಿರು ಬಣ್ಣ ಕೆರೆದೆವು, ಒಂದರ ಕೆಳಗೊಂದು ಮೂರು ಬಣ್ಣ, ಕೆಳಗೆ ನಾಲ್ಕು ಅಂಕಿಯ ಒಂದು ನಂಬರು. ಫೋಟೊ ತೆಗೆದು ಹರಿಹರಕ್ಕೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಆ ಹಿರಿಯರು ಫೋನ್ ಮಾಡಿದರು. ಬೇಜಾರಾಗದಂತೆ ಹೇಳಲು ಪದ ಹುಡುಕುತ್ತಿದ್ದರು. “ಇದು ನಮ್ದಲ್ಲ ಸಾರ್. ಕಾಲಿನ ಎರಕ ನೋಡಿ, ನಮ್ದು ಹಂಗಿರಲ್ಲ. ಪಂಜಾಬ್ ಕಡೇದು, ಬಟಾಲಾದ್ದು ಇರ್ಬೇಕು. ಅಲ್ಲಿ ಒಳ್ಳೊಳ್ಳೆ ಮಶೀನ್ ನೋಡ್ಕೊಂಡು ಅದೇ ಥರ ಮಾಡೋರು. ಅವಕ್ಕೆಲ್ಲ ಬುಕ್ ಎಲ್ಲಿ ಬರ್ತಿತ್ತು?”

ಮೊಮ್ಮಗನ ಮುಖ ಸಣ್ಣದಾಯಿತು. ಅವನ ದಾದಾ ಆಯುಷ್ಯವಿಡೀ ಹರಿಹರದ್ದು ಎಂದು ಹೇಳಿಕೊಂಡಿದ್ದ ಮಶೀನು. ನನಗೆ ಮಾತ್ರ ಆ ಹೊತ್ತಿಗೆ ಬೇರೆಯೇ ಒಂದು ಹೊಳೆಯುತ್ತಿತ್ತು. ಹಾಗಾದರೆ ನಾನು ಓದುತ್ತಿದ್ದ ಪುಸ್ತಕ ಯಾವುದು? ರಟ್ಟಿಲ್ಲದ, ಮೊದಲ ಹಾಳೆಯಿಲ್ಲದ ಆ ಪುಸ್ತಕ ಈ ಲೇತಿನದಾಗಿರಲು ಸಾಧ್ಯವೇ ಇಲ್ಲ. ಬೇರೆ ಯಾವುದೋ ಯಂತ್ರದ್ದನ್ನು ಎಲ್ಲಿಂದಲೋ ತಂದಿದ್ದರು ಚಾಚಾ. ಅದಕ್ಕೇ ಪುಟಪುಟಕ್ಕೂ “ಇಲ್ಲಿ ಹಂಗ ಇಲ್ಲ, ಬರಿ.” ಪುಟಕ್ಕೊಂದು ಮಿರ್ಚಿಯಂತೆ ಎರಡು ವರ್ಷ ನಾವು ಮಾಡಿದ್ದು ಓದುವ ಕೆಲಸವೇ ಆಗಿರಲಿಲ್ಲ. ತಪ್ಪು ಪುಸ್ತಕವೊಂದನ್ನು ತಿದ್ದಿ ತಿದ್ದಿ ಈ ಲೇತಿಗೆ ಸರಿಮಾಡುತ್ತಿದ್ದೆವು. ನಾನು ಬಿಳಿ ಅಂಗಿಯ ಸಲುವಾಗಿ ಬಿಟ್ಟುಬಂದದ್ದು ಈ ಮಶೀನಿಗೆ ಇದ್ದ ಒಂದೇ ಒಂದು ಪುಸ್ತಕವನ್ನು. ಅವೆನ್ಯೂ ರಸ್ತೆಯಲ್ಲಲ್ಲ, ಲೋಕದ ಯಾವ ಗ್ರಂಥಾಲಯದಲ್ಲೂ ಅದರ ಇನ್ನೊಂದು ಪ್ರತಿ ಇಲ್ಲ.

ನಮ್ಮ ಊರಿಗೆ ಇಂಥ ಪುಸ್ತಕ ಹೊಸದೇನಲ್ಲ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನದ ಹೊತ್ತಗೆಗಳು ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿವೆ. ಕಂಡವರಿಗೆಲ್ಲ ಓದಲು ಬರುವುದಿಲ್ಲ, ಬಲ್ಲವರು ಓದಿ ಹೇಳಬೇಕು. ಇನ್ನೂ ಹಿಂದೆ ಹೋದರೆ ಓದಲು ಅಕ್ಷರವೂ ಇಲ್ಲ. ಊರ ಹತ್ತಿರದ ಬೂದಿದಿಬ್ಬ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳದ್ದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅದನ್ನು ಅಗೆದು ನೋಡಿದರು. ಅವರೇ ಹುಣಸಗಿ ಬಳಿಯ ಇಸಾಂಪುರದಲ್ಲಿ ಲಕ್ಷಗಟ್ಟಲೆ ವರ್ಷ ಹಿಂದಿನ ಕಲ್ಲುಪಕರಣಗಳ ಕಾರ್ಖಾನೆಯನ್ನೇ ತೋರಿಸಿಕೊಟ್ಟರು. ಸುಣ್ಣಕಲ್ಲಿನ ಗುಂಡು, ಅದರಿಂದ ಎಬ್ಬಿಸಿದ ಚಕ್ಕೆ, ಬಡಿದ ಕಲ್ಲು, ಎಲ್ಲ ಬಿದ್ದಲ್ಲೇ ಬಿದ್ದಿದ್ದವು. ಯಾವ ಏಟು ಮೊದಲು, ಯಾವುದು ಆಮೇಲೆ ಎಂದು ಚಕ್ಕೆ ನೋಡಿಯೇ ಹೇಳುತ್ತಾರಂತೆ. ಅದು ನೆನಪಾಗಿ, “ಬೇಟಾ, ಗೇರಿನ ಡಬ್ಬಿ ತಗೊಂಬಾ” ಎಂದೆ.

ಚೂಡಿಯ ಲೆಕ್ಕ ಹೇಳಲು ಸುಲಭ. ಚಕ್ಕು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಒಂದು ಚೂಡಿಯಷ್ಟು ಸರಿಯಬೇಕು. ಸರಿಸುವುದು ಬೆಡ್ಡಿನುದ್ದಕ್ಕೂ ಇರುವ ಲೀಡ್ ಸ್ಕ್ರೂ. ಎರಡರ ನಡುವೆ ಯಾವ ಗೇರು ಹಾಕಿದ್ದೀರಿ ಎಂಬುದರ ಮೇಲೆ ಚೂಡಿ. ಲಂಡನ್ನಿನ ಹೆನ್ರಿ ಮಾಡ್ಸ್‌ಲೆ 1800ರ ಹೊತ್ತಿಗೆ ರೂಢಿಗೆ ತಂದ ಹಂಚಿಕೆ ಇದು. ನಮ್ಮ ಲೀಡ್ ಸ್ಕ್ರೂ ಇಂಚಿಗೆ ನಾಲ್ಕು ಚೂಡಿಯದು, ಸ್ಕೇಲಿಟ್ಟು ಎಣಿಸಿದೆವು. ಇಂಚೆಂದರೆ 25.4 ಮಿಲಿಮೀಟರು, 254ರ ಅರ್ಧ 127. ಆ 127 ಒಂದು ಮತ್ತು ತನ್ನನ್ನು ಬಿಟ್ಟರೆ ಯಾವ ಸಂಖ್ಯೆಯಿಂದಲೂ ಭಾಗವಾಗದ ಹಟಮಾರಿ. ಅದಕ್ಕೇ ಇಂಚಿನ ಲೇತಿನಲ್ಲಿ ಮಿಲಿಮೀಟರು ಕಡಿಯಬೇಕಾದರೆ 127 ಹಲ್ಲಿನ ಒಂದು ದೊಡ್ಡ ಗೇರು ಬೇಕು. ಹತ್ತು ಮಿಲಿಮೀಟರಿನ ಬೋಲ್ಟಿಗೆ ಒಂದೂವರೆ ಮಿಲಿಮೀಟರಿನ ಚೂಡಿ, ಅದಕ್ಕೆ 30ಕ್ಕೆ 127. ಡಬ್ಬಿಯಲ್ಲಿ 30 ಇತ್ತು, 40, 50, 60, 80, 100 ಇದ್ದವು. 127 ಇರಲಿಲ್ಲ. ನಾನು ಅಡ್ಡಗೆರೆ ಹೊಡೆದದ್ದು ಅದಕ್ಕೇ.

ತಳದಲ್ಲಿ ಅಂಕಿ ಹೊಡೆಯದ ಒಂದು ಗೇರಿತ್ತು. ಎಲ್ಲೋ ಮಿಲ್ಲಿಂಗ್ ಮಶೀನಿನ ಮೇಲೆ ಬೇರೆಯಾಗಿ ಕಡಿಸಿ ತಂದದ್ದು, ಕಬ್ಬಿಣದ ಬಣ್ಣವೇ ಬೇರೆ. “ಇದು ಅರವತ್ತರದು ಇರಬೇಕ್ರಿ, ನಾ ಹಂಗೇ ಹಾಕ್ತೀನಿ” ಎಂದ ಮೊಮ್ಮಗ. ಒಂದು ಹಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಎಣಿಸಿದೆ. ಅರವತ್ತೆರಡು ಬಂತು. ಅವನು ಎಣಿಸಿದ, ಅರವತ್ಮೂರು. ಇಬ್ಬರೂ ಕೂಡಿ ಜೋರಾಗಿ ಎಣಿಸಿದೆವು. ಅರವತ್ಮೂರು.

“ಇದೆಂಥಾ ಲೆಕ್ಕರಿ ಕಾಕಾ, ಅರವತ್ಮೂರು?” ಎಂದು ಅವನು ನಕ್ಕ. ನಾನು ನಗಲಿಲ್ಲ. ನಮ್ಮ ಕಡೆ ಆ ಅಂಕಿಗೆ ಬೇರೆ ಹೆಸರೇ ಇದೆ. ಅರವತ್ಮೂವರು ಪುರಾತನರು, ಹಿಂದಿನ ಕಾಲದ ಶಿವಭಕ್ತರು. ಶರಣರ ಹೆಸರು ಹೇಳುವ ಯಾವ ಮನೆಯಲ್ಲೂ ಕೇಳುವ ಮಾತು. ನಮ್ಮ ಅಜ್ಜಿ ದಿನಾ ಸಂಜೆ ದೀಪ ಹಚ್ಚಿ ಅವರನ್ನು ನೆನೆಯುತ್ತಿದ್ದಳು. ಆ ಗೇರಿಗೆ ಹೆಸರಿಟ್ಟವರು ಚಾಚಾನೋ, ಅವರಿಗೂ ಹಿಂದಿನ ಯಾವ ಮಿಸ್ತ್ರಿಯೋ. ಮರೆಯಬಾರದೆಂದು ಅಂಕಿಯನ್ನು ಹೆಸರಿನೊಳಗೆ ಬಚ್ಚಿಟ್ಟಿದ್ದರು, ಅಕ್ಷರ ಬಾರದವನಿಗೂ ಸಿಗುವಂತೆ. ಹನ್ನೆರಡು ವರ್ಷದ ಹುಡುಗ ಅದನ್ನು ‘ಪು.’ ಎಂದು ಬರೆದು ಮುಚ್ಚಿಬಿಟ್ಟಿದ್ದ.

ಆಮೇಲೆ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. 80ನ್ನು 63ರಿಂದ ಭಾಗಿಸಿದರೆ 1.2698. ಬೇಕಾದದ್ದು 1.27. ಅಡಿ ಉದ್ದದ ಚೂಡಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದು. 127ರ ದೊಡ್ಡ ಗೇರು ಸಿಗದ ಮಿಸ್ತ್ರಿಗಳು ಎಷ್ಟೋ ದೇಶದಲ್ಲಿ ಹಿಡಿದ ಒಳದಾರಿ ಇದು. 30ರಿಂದ 80ಕ್ಕೆ, 80ರ ಜೊತೆಗೆ ಒಂದೇ ಶಾಫ್ಟಿನಲ್ಲಿ ಪುರಾತನ, ಪುರಾತನದಿಂದ 100ಕ್ಕೆ. ನಾನು ನೆಲದ ಮೇಲೆ ಬರೆದೆ, ಅವನು ಗೇರು ಏರಿಸಿದ. ಅರವತ್ತು ಡಿಗ್ರಿಗೆ ಟೂಲು ಮಸೆದ, ವಿಟ್ವಾರ್ತಿಗಾದರೆ ಐವತ್ತೈದು. ಹಲ್ಲಿನ ನಡುವೆ ಎಣ್ಣೆ ಬಿಟ್ಟ. ಕರೆಂಟು ಇತ್ತು.

ಮೊದಲ ಗೀರು ತುದಿ ಮುಟ್ಟಿದಾಗ ಅವನ ಎಡಗೈ ಟೂಲನ್ನು ಲೀಡ್ ಸ್ಕ್ರೂವಿಗೆ ಹಿಡಿದಿಡುವ ಹಾಫ್‌ನಟ್ಟಿನ ಹಿಡಿಕೆಗೆ ಹೋಯಿತು, ಬಿಟ್ಟು, ಟೂಲು ಹೊತ್ತ ಸ್ಯಾಡಲ್ಲನ್ನು ಕೈಯಿಂದ ಹಿಂದಕ್ಕೆ ತರಲು. ಇಂಚಿನ ಕೆಲಸದಲ್ಲಿ ಅದೇ ರೂಢಿ. “ಬಿಡಬ್ಯಾಡ!” ಎಂದು ಕೂಗಿದೆ. ಇಂಚಿನ ಸ್ಕ್ರೂವಿನ ಮೇಲೆ ಮಿಲಿಮೀಟರು ಕಡಿಯುವಾಗ ಒಮ್ಮೆ ಬಿಟ್ಟರೆ ಟೂಲು ಮತ್ತೆ ಅದೇ ಗೀರಿಗೆ ಬಂದು ಕೂಡುವುದಿಲ್ಲ, ಪಕ್ಕದಲ್ಲಿ ಬೇರೆ ಗೀರು ಹಾಕುತ್ತದೆ. ಟೂಲು ಹೊರಗೆಳೆದು, ಹಿಡಿದದ್ದು ಹಿಡಿದಂತೆಯೇ ಮಶೀನನ್ನು ಉಲ್ಟಾ ತಿರುಗಿಸಿ ವಾಪಸು ಬರಬೇಕು. ಬಿಟ್ಟರ ಮತ್ತ ಸಿಗಾಂಗಿಲ್ಲ. ಚಾಚಾ ಚೂಡಿಯ ಮಾತನ್ನೇ ಆಡಿದ್ದರು.

ಎಂಟು ಹತ್ತು ಸಲ ಹೋಗಿ ಬಂದ ಮೇಲೆ ಚಕ್ಕು ನಿಲ್ಲಿಸಿ, ಬ್ರಷ್ಷಿನಿಂದ ಚೂರು ಕೆಡವಿ, ಹತ್ತು ಮಿಲಿಮೀಟರಿನ ಹೊಸ ನಟ್ಟು ಹಚ್ಚಿದ. ನಾಲ್ಕನೇ ಸುತ್ತು ದಾಟಿತು, ಐದು, ಆರು. ಎರಡು ಬೆರಳಿನಲ್ಲಿ ಹಿಡಿದು ಕೊನೆಯವರೆಗೂ ಒಯ್ದ.

ಬಾಗಿಲಲ್ಲಿ ರೋಟಾವೇಟರಿನ ಶಾಫ್ಟು ಹೆಗಲ ಮೇಲಿಟ್ಟುಕೊಂಡು ಒಬ್ಬ ಆಗಿನಿಂದ ನಿಂತಿದ್ದ. “ಆತೇನ್ರಿ ನಿಮ್ಮ ಆಟ? ಗಾಡಿ ಹೊಲದಾಗ ನಿಂತದ” ಎಂದ. ಅವನ ಕೆಲಸಕ್ಕೆ ಚೂಡಿ ಬೇಕಿರಲಿಲ್ಲ, ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ ಮೇಲೆ ನುಣ್ಣಗೆ ಸವರಿದರೆ ಸಾಕು. ವಾರಕ್ಕೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಎಂದು ಮೊಮ್ಮಗ ಹೇಳಿದ. ಮಾತಾಡುತ್ತಲೇ ಸ್ಪ್ಯಾನರು ಹಾಕಿ ಗೇರು ಇಳಿಸತೊಡಗಿದ. ನೂರು, ಎಂಬತ್ತು, ಮೂವತ್ತು. ಪುರಾತನವನ್ನು ಬಟ್ಟೆಯಿಂದ ಒರೆಸಿ, ಸುಣ್ಣದ ಗುರುತು ಹೋಗದಂತೆ ಅಂಗೈಯಲ್ಲಿ ತಿರುಗಿಸಿ ನೋಡಿ, ಡಬ್ಬಿಯೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟ.